ಬುದ್ಧಿ ಪರೀಕ್ಷೆಯ ಅಂಕ ನೋಡಿ ಆಟಗಾರನ ಭವಿಷ್ಯ ಹೇಳಬೇಡಿ: ಅಮೆರಿಕದ ಕನ್ನಡಿಗ ಫುಟ್‌ಬಾಲ್ ಅಭಿಮಾನಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್) ಡ್ರಾಫ್ಟ್, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ದಿನ, ಹತ್ತಿರವಾಗುತ್ತಿದ್ದಂತೆ ಯಾರೋ ಒಬ್ಬ ಆಟಗಾರನ ಬುದ್ಧಿ ಪರೀಕ್ಷೆಯ ಅಂಕ ಹೇಗೋ ಪತ್ರಕರ್ತರ ಕೈಸೇರುತ್ತದೆ. ಅಲ್ಲಿಂದ ಅದು ನಮ್ಮ ಕನ್ನಡ ಕೂಟಗಳ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದು ತಲುಪಲು ಅರ್ಧ ದಿನವೂ ಬೇಕಾಗುವುದಿಲ್ಲ. 2023ರಲ್ಲಿ ಹೀಗೆ ಹರಿದಾಡಿದ್ದು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ (ಆಕ್ರಮಣವನ್ನು ಮುನ್ನಡೆಸಿ ಚೆಂಡು ಎಸೆಯುವ ಆಟಗಾರ) ಸಿ.ಜೆ. ಸ್ಟ್ರೌಡ್ ಅವರ ಅಂಕ. ಎಸ್2 ಎಂಬ ಪರೀಕ್ಷೆಯಲ್ಲಿ ಅವರಿಗೆ 18, ಅಲಬಾಮದ ಬ್ರೈಸ್ ಯಂಗ್ ಅವರಿಗೆ 98 ಬಂದಿದೆ ಎಂದು ವರದಿಯಾಯಿತು. ಇವು ನೂರಕ್ಕೆ ಗಳಿಸಿದ ಅಂಕಗಳಲ್ಲ, ಪರೀಕ್ಷೆ ಬರೆದವರಲ್ಲಿ ಶೇಕಡ ಎಷ್ಟು ಮಂದಿ ಅವರಿಗಿಂತ ಕೆಳಗಿದ್ದಾರೆಂದು ಹೇಳುವ ಪರ್ಸೆಂಟೈಲ್‌ಗಳು ಎಂಬುದನ್ನು ನೋಡುವ ವ್ಯವಧಾನವೂ ಇಲ್ಲದೆ "ಪಾಸ್ ಮಾರ್ಕ್ಸ್ ಕೂಡ ಬಂದಿಲ್ಲವಲ್ಲ" ಎಂದು ನಕ್ಕವರು ನಮ್ಮಲ್ಲೇ ಇದ್ದರು. ಆ ವರ್ಷ ಕೆರೊಲೈನ ತಂಡ ಯಂಗ್ ಅವರನ್ನು ಮೊದಲನೆಯವರಾಗಿ ಆರಿಸಿಕೊಂಡಿತು, ಹ್ಯೂಸ್ಟನ್ ತಂಡ ಸ್ಟ್ರೌಡ್ ಅವರನ್ನು ಎರಡನೆಯವರಾಗಿ ಆರಿಸಿಕೊಂಡಿತು. ಸ್ಟ್ರೌಡ್ ಮೊದಲ ಋತುವಿನಲ್ಲೇ 4,108 ಗಜ ಎಸೆದು, 23 ಟಚ್‌ಡೌನ್ ಗಳಿಸಿ, ಕೇವಲ 5 ಎಸೆತಗಳನ್ನು ಎದುರಾಳಿಯ ಕೈಗೆ ಕೊಟ್ಟು, ವರ್ಷದ ಶ್ರೇಷ್ಠ ಹೊಸ ಆಕ್ರಮಣ ಆಟಗಾರ ಎನಿಸಿಕೊಂಡರು. ಕೆರೊಲೈನ ಅದೇ ಋತುವಿನಲ್ಲಿ 2 ಪಂದ್ಯ ಗೆದ್ದು 15 ಸೋತಿತು, ಮರುವರ್ಷ ಎರಡು ಪಂದ್ಯಗಳಾಗುತ್ತಲೇ ಯಂಗ್ ಅವರನ್ನು ಬೆಂಚಿನಲ್ಲಿ ಕೂರಿಸಲಾಯಿತು.

ಈಗ ಅದೇ ಗುಂಪುಗಳಲ್ಲಿ "ಈ ಪರೀಕ್ಷೆಗಳೆಲ್ಲ ಬರೀ ಬೂಟಾಟಿಕೆ" ಎಂಬ ಮಾತು ಕೇಳಿಬರುತ್ತಿದೆ. ಇಬ್ಬರು ಆಟಗಾರರನ್ನು ಮುಂದಿಟ್ಟುಕೊಂಡು ಪರೀಕ್ಷೆಯನ್ನು ತಳ್ಳಿಹಾಕುವುದು, ಒಂದು ಅಂಕವನ್ನು ಮುಂದಿಟ್ಟುಕೊಂಡು ಆಟಗಾರನನ್ನು ತಳ್ಳಿಹಾಕಿದ್ದಕ್ಕಿಂತ ಹೆಚ್ಚು ವಿವೇಕದ ಕೆಲಸವೇನಲ್ಲ. ಪರೀಕ್ಷೆಗಳ ಅಂಕಿಅಂಶ ಓದುವುದನ್ನೇ ವೃತ್ತಿಯಾಗಿ ಇಟ್ಟುಕೊಂಡಿರುವ ಕಾರಣ, ಈ ವಿಷಯದಲ್ಲಿ ನಿಜವಾಗಿ ತಿಳಿದುಬಂದಿರುವುದೇನು, ಅದು ಏಕೆ ಹಾಗಿದೆ ಎಂಬುದನ್ನು ತಮ್ಮೆಲ್ಲರ ಮುಂದಿಟ್ಟು ಒಂದು ಕೋರಿಕೆ ಮಾಡಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಎನ್‌ಎಫ್‌ಎಲ್‌ನಲ್ಲಿ ದಶಕಗಳ ಕಾಲ ನಡೆದದ್ದು ವಂಡರ್ಲಿಕ್ ಪರೀಕ್ಷೆ. ಎಲ್ಡನ್ ವಂಡರ್ಲಿಕ್ ಎಂಬವರು 1930ರ ದಶಕದಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಇದನ್ನು ರೂಪಿಸಿದ್ದು ಕಚೇರಿ, ಕಾರ್ಖಾನೆಗಳಿಗೆ ಜನರನ್ನು ಆರಿಸಿಕೊಳ್ಳಲು. ಅದರಲ್ಲಿ 50 ಪ್ರಶ್ನೆಗಳು, ಸಮಯ 12 ನಿಮಿಷ. ಜನಸಾಮಾನ್ಯರ ಸರಾಸರಿ ಅಂಕ 20ರಿಂದ 21. ಇದನ್ನು ಫುಟ್‌ಬಾಲಿಗೆ ತಂದವರಲ್ಲಿ ಡಲ್ಲಾಸ್ ಕೌಬಾಯ್ಸ್ ತರಬೇತುದಾರ ಟಾಮ್ ಲ್ಯಾಂಡ್ರಿ ಅವರ ಹೆಸರು ಮುಖ್ಯ. ಮುಂದೆ ಇಂಡಿಯಾನಾಪೊಲಿಸ್‌ನಲ್ಲಿ ಪ್ರತಿ ವರ್ಷ ನಡೆಯುವ ಕಂಬೈನ್ ಎಂಬ, ಡ್ರಾಫ್ಟ್‌ಗೆ ಮುಂಚಿನ ಪರೀಕ್ಷಾ ಶಿಬಿರದಲ್ಲಿ, ಆಟಗಾರರ ಎತ್ತರ, ತೂಕ, 40 ಗಜದ ಓಟ ಇವುಗಳ ಜೊತೆಗೆ ಈ ಪರೀಕ್ಷೆಯೂ ಒಂದು ವಾಡಿಕೆಯಾಗಿ ಸೇರಿಕೊಂಡಿತು. 2022ರಲ್ಲಿ ಲೀಗ್ ಅದನ್ನು ಕಂಬೈನ್‌ನಿಂದ ಕೈಬಿಟ್ಟಿತು. ಆದರೂ ತಂಡಗಳು ಬೇರೆ ಬೇರೆ ಹೆಸರಿನ ಪರೀಕ್ಷೆಗಳನ್ನು ತಮ್ಮ ಪಾಡಿಗೆ ನಡೆಸುತ್ತಲೇ ಇರುವುದರಿಂದ ಪ್ರಶ್ನೆ ಇನ್ನೂ ಜೀವಂತವಾಗಿದೆ.

ಪ್ರಸಿದ್ಧರ ಅಂಕಗಳ ಪಟ್ಟಿ ತಮಗೆಲ್ಲ ಬಾಯಿಪಾಠವಾಗಿರುವುದರಿಂದ ಅದನ್ನು ಬೇಗ ಮುಗಿಸುತ್ತೇನೆ. ಒಂದೇ ಋತುವಿನಲ್ಲಿ 5,000 ಗಜ ದಾಟಿದ ಮೊದಲ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಮರೀನೊ ಅವರದೂ, ನಾಲ್ಕು ಸೂಪರ್ ಬೌಲ್ (ಲೀಗಿನ ಅಂತಿಮ ಪಂದ್ಯ) ಗೆದ್ದ ಟೆರಿ ಬ್ರಾಡ್‌ಶಾ ಅವರದೂ 15ರ ಆಸುಪಾಸು ಎನ್ನುತ್ತಾರೆ. ಹಾರ್ವರ್ಡ್‌ನಲ್ಲಿ ಓದಿದ ರಯಾನ್ ಫಿಟ್ಜ್‌ಪ್ಯಾಟ್ರಿಕ್ ಅವರದು 48 ಎಂಬ ವರದಿಯಿದೆ. ಅವರು 17 ಋತು ಆಡಿದರು, ಒಂದು ಪ್ಲೇಆಫ್ ಪಂದ್ಯವನ್ನೂ ಆಡಲಿಲ್ಲ. 50ಕ್ಕೆ 50 ತೆಗೆದವರೆಂದು ಹೇಳಲಾಗುವ ಪ್ಯಾಟ್ ಮ್ಯಾಕಿನಲಿ ಕೂಡ ಹಾರ್ವರ್ಡ್‌ನವರೇ, ಸಿನ್ಸಿನಾಟಿ ತಂಡದಲ್ಲಿ ಹೆಸರು ಮಾಡಿದ್ದು ಪಂಟರ್ (ಚೆಂಡನ್ನು ದೂರಕ್ಕೆ ಒದೆಯುವ ಆಟಗಾರ) ಆಗಿ. 6 ಅಂಕದವರೆಂದು ವರದಿಯಾದ ಫ್ರಾಂಕ್ ಗೋರ್ ಹದಿನಾರು ಋತುಗಳಲ್ಲಿ 16,000 ಗಜ ಓಡಿ, ಲೀಗಿನ ಇತಿಹಾಸದಲ್ಲೇ ಮೂರನೆಯ ಸ್ಥಾನದಲ್ಲಿದ್ದಾರೆ. ಎದುರುವಾದಕ್ಕೂ ಉದಾಹರಣೆಗಳಿಗೆ ಬರವಿಲ್ಲ. ಟಾಮ್ ಬ್ರೇಡಿ 33, ಏರನ್ ರಾಜರ್ಸ್ 35, ಈಲೈ ಮ್ಯಾನಿಂಗ್ 39 ಎನ್ನುತ್ತವೆ ವರದಿಗಳು. ಇವುಗಳಲ್ಲಿ ಹೆಚ್ಚಿನವು ಸೋರಿಕೆಯಾಗಿ ಬಂದ ಸಂಖ್ಯೆಗಳು. 2006ರಲ್ಲಿ ವಿನ್ಸ್ ಯಂಗ್ ಅವರದು 6 ಎಂದು ಮೊದಲು ಸುದ್ದಿಯಾಗಿ, ಆಮೇಲೆ 16 ಎಂದಾದದ್ದು ನೆನಪಿರಬಹುದು. ಇಂಥ ಪಟ್ಟಿಯಿಂದ ಯಾವ ಪಕ್ಷವನ್ನು ಬೇಕಾದರೂ ಗೆಲ್ಲಿಸಬಹುದಾದ್ದರಿಂದ ಅದನ್ನು ಬದಿಗಿಡೋಣ.

ಇಡೀ ಗುಂಪನ್ನು ಅಳೆದು ನೋಡಿದ ಅಧ್ಯಯನಗಳು ಇವೆ. 1989ರಿಂದ 2004ರವರೆಗೆ ಡ್ರಾಫ್ಟ್ ಆದ 84 ಕ್ವಾರ್ಟರ್‌ಬ್ಯಾಕ್‌ಗಳ ವಂಡರ್ಲಿಕ್ ಅಂಕಗಳನ್ನು ಅವರ ಆಟದೊಂದಿಗೆ ಹೋಲಿಸಿದ ಒಂದು ಅಧ್ಯಯನದಲ್ಲಿ, ಎರಡರ ನಡುವೆ ಗಣನೀಯ ಸಂಬಂಧ ಸಿಗಲಿಲ್ಲ. ಇದಕ್ಕಿಂತ ದೊಡ್ಡದು 2009ರಲ್ಲಿ ಬ್ರಯಾನ್ ಲಯನ್ಸ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಅವರು ಕ್ವಾರ್ಟರ್‌ಬ್ಯಾಕ್‌ಗಳಿಗೆ ಸೀಮಿತರಾಗದೆ ಮೂರು ಡ್ರಾಫ್ಟ್‌ಗಳ 762 ಆಟಗಾರರನ್ನು, ಎಲ್ಲ ಸ್ಥಾನಗಳವರನ್ನೂ, ತೆಗೆದುಕೊಂಡರು. ಅಂಕಕ್ಕೂ ಮುಂದಿನ ಆಟಕ್ಕೂ ಇದ್ದ ಸಂಬಂಧ ಬಹುತೇಕ ಶೂನ್ಯ. ಎರಡು ಸ್ಥಾನಗಳಲ್ಲಿ ಮಾತ್ರ ಸಂಬಂಧ ಕಂಡಿತು, ಅದೂ ತಲೆಕೆಳಗಾಗಿ: ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವವರು) ಮತ್ತು ಡಿಫೆನ್ಸಿವ್ ಬ್ಯಾಕ್ (ರಕ್ಷಣೆಯ ಹಿಂಬದಿಯವರು) ಆಟಗಾರರಲ್ಲಿ ಕಡಿಮೆ ಅಂಕದವರೇ ಸ್ವಲ್ಪ ಚೆನ್ನಾಗಿ ಆಡಿದ್ದರು.

ಇದನ್ನು ಕೇಳಿದೊಡನೆ ಫುಟ್‌ಬಾಲಿಗೆ ಬುದ್ಧಿ ಬೇಡ ಎಂದುಕೊಳ್ಳುವುದು ಸುಲಭ. ಆಟವನ್ನು ತಿಳಿದವರು ಯಾರೂ ಹಾಗೆನ್ನಲಾರರು. ನೂರಾರು ತಂತ್ರಗಳಿರುವ ಪ್ಲೇಬುಕ್ ಅನ್ನು ವಾರವಾರವೂ ಹೊಸ ಎದುರಾಳಿಗೆ ತಕ್ಕಂತೆ ಬದಲಿಸಿ ನೆನಪಿಡಬೇಕಾದ ಆಟ ಅದು. ಹಾಗಾದರೆ ಸಂಬಂಧ ಏಕೆ ಕಾಣುವುದಿಲ್ಲ? ನನ್ನ ತಿಳಿವಳಿಕೆಯ ಮಟ್ಟಿಗೆ ಎರಡು ಕಾರಣಗಳಿವೆ, ಮತ್ತು ಮೊದಲನೆಯದು ನಮ್ಮಂಥ ಪ್ರವೇಶ ಪರೀಕ್ಷೆಗಳ ನಾಡಿನಿಂದ ಬಂದವರಿಗೆ ಬೇಗ ಅರ್ಥವಾಗಬೇಕು.

ಅಮೆರಿಕದ ಹೈಸ್ಕೂಲುಗಳಲ್ಲಿ ಸುಮಾರು ಹತ್ತು ಲಕ್ಷ ಹುಡುಗರು ಫುಟ್‌ಬಾಲ್ ಆಡುತ್ತಾರೆ. ಅವರಲ್ಲಿ ಕಾಲೇಜು ತಂಡಗಳಿಗೆ ಸೇರುವವರು ಹತ್ತರಲ್ಲಿ ಒಬ್ಬರೂ ಇಲ್ಲ. ಕಂಬೈನ್‌ಗೆ ಕರೆ ಬರುವುದು ಮುನ್ನೂರು ಚಿಲ್ಲರೆ ಮಂದಿಗೆ, ಏಳು ಸುತ್ತುಗಳ ಡ್ರಾಫ್ಟ್‌ನಲ್ಲಿ ಆರಿಸಲ್ಪಡುವವರು ಇನ್ನೂರೈವತ್ತರ ಆಸುಪಾಸು. ಅಷ್ಟು ಹೊತ್ತಿಗೆ ತಂತ್ರವನ್ನು ನೆನಪಿಡಲಾಗದವರು, ಎದುರಾಳಿಯ ಚಲನೆ ಓದಲಾಗದವರು, ಕಾಲೇಜಿನ ಓದಿನ ಕನಿಷ್ಠ ಮಟ್ಟ ದಾಟಲಾಗದವರು ಎಲ್ಲರೂ ಆಚೆ ಉಳಿದಿರುತ್ತಾರೆ. ಸಿಇಟಿಯ ಮೊದಲ ಇನ್ನೂರು ರ‍್ಯಾಂಕಿನವರನ್ನೇ ಒಂದು ಕಡೆ ಕೂರಿಸಿ, 12ನೇ ರ‍್ಯಾಂಕಿನವನು 170ನೇ ರ‍್ಯಾಂಕಿನವಳಿಗಿಂತ ಒಳ್ಳೆಯ ಎಂಜಿನಿಯರ್ ಆಗುತ್ತಾನೆಯೇ ಎಂದು ರ‍್ಯಾಂಕನ್ನು ಕೇಳಿದರೆ ಅದು ಏನನ್ನೂ ಹೇಳಲಾರದು. ಹೇಳಬೇಕಾದದ್ದನ್ನು ಅದು ಬಾಗಿಲಲ್ಲೇ ಹೇಳಿ ಮುಗಿಸಿದೆ. ಮಾಪನಶಾಸ್ತ್ರದವರು ಇದಕ್ಕೆ ವ್ಯಾಪ್ತಿಯ ಮಿತಿ ಎನ್ನುತ್ತಾರೆ: ಒಂದು ಗುಣದ ಆಧಾರದ ಮೇಲೆ ಜನರನ್ನು ಮೊದಲೇ ಸೋಸಿದ್ದರೆ, ಉಳಿದವರಲ್ಲಿ ಆ ಗುಣದ ವ್ಯತ್ಯಾಸ ಕುಗ್ಗುತ್ತದೆ, ಅದರ ಜೊತೆಗೆ ಮುನ್ಸೂಚನೆಯ ಬಲವೂ ಕುಗ್ಗುತ್ತದೆ.

ಡಿಫೆನ್ಸಿವ್ ಬ್ಯಾಕ್‌ಗಳ ಆ ತಲೆಕೆಳಗಾದ ಫಲಿತಾಂಶವೂ ಇದೇ ಸೋಸುವಿಕೆಯ ಫಲವಿರಬಹುದು ಎಂದು ನನ್ನ ಊಹೆ. ಕೇವಲ 8 ಅಂಕ ತೆಗೆದ ಹುಡುಗನನ್ನು ಒಂದು ತಂಡ ಕೋಟ್ಯಂತರ ರೂಪಾಯಿ ಕೊಟ್ಟು ಆರಿಸಿಕೊಳ್ಳುತ್ತದೆ ಎಂದರೆ, ಆ ಅಂಕವನ್ನು ಮರೆಸುವಷ್ಟು ಬೇರೇನೋ ಅವನಲ್ಲಿ ಕಂಡಿರಲೇಬೇಕು: ಅಸಾಧಾರಣ ವೇಗ, ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ಅರಿಯುವ ಕಣ್ಣು, ಹೀಗೆ. 35 ಅಂಕದವನಿಗೆ ಅಷ್ಟು ಬೇಕಿಲ್ಲ. ಹೀಗಾಗಿ ಒಳಗೆ ಬಂದವರನ್ನಷ್ಟೇ ನೋಡುವಾಗ ಕಡಿಮೆ ಅಂಕದವರು ಮೇಲುಗೈ ಪಡೆದಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. 2012ರಲ್ಲಿ 4 ಅಂಕ ಬಂದಿದೆ ಎಂದು ಊರೆಲ್ಲ ಆಡಿಕೊಂಡ ಮಾರಿಸ್ ಕ್ಲೇಬೋರ್ನ್ ಅವರನ್ನು ಡಲ್ಲಾಸ್ ತಂಡ ಒಟ್ಟಾರೆ ಆರನೆಯವರಾಗಿ ಆರಿಸಿಕೊಂಡದ್ದು ಹುಚ್ಚಿನಿಂದಲ್ಲ. ಪ್ರಶ್ನೆಪತ್ರಿಕೆಯಲ್ಲಿ ಫುಟ್‌ಬಾಲ್ ಬಗ್ಗೆ ಏನೂ ಇರಲಿಲ್ಲ ಎಂದು ಅವರು ಆಮೇಲೆ ಹೇಳಿದ್ದನ್ನು ಹಾಸ್ಯವಾಗಿ ತೆಗೆದುಕೊಂಡವರೇ ಹೆಚ್ಚು. ನನಗೆ ಅದು ಪರೀಕ್ಷಾ ತಜ್ಞರು ಕೇಳಬೇಕಾದ ಮೊದಲ ಪ್ರಶ್ನೆಯಂತೆಯೇ ತೋರುತ್ತದೆ.

ಎರಡನೆಯ ಕಾರಣವೂ ಅಲ್ಲೇ ಇದೆ. ವಂಡರ್ಲಿಕ್‌ನ ಪ್ರಶ್ನೆಗಳ ಜಾತಿ ತಮಗೆ ಪರಿಚಿತ: ಒಂದು ವಸ್ತುವಿಗೆ ಇಷ್ಟು ಸೆಂಟ್ ಆದರೆ ನಾಲ್ಕಕ್ಕೆ ಎಷ್ಟು, ಈ ಸರಣಿಯಲ್ಲಿ ಮುಂದಿನ ಸಂಖ್ಯೆ ಯಾವುದು, ಈ ಎರಡು ಪದಗಳ ಅರ್ಥ ಒಂದೇ ಅಥವಾ ವಿರುದ್ಧವೇ. ಒಂದು ಪ್ರಶ್ನೆಗೆ ಸಿಗುವುದು ಹದಿನಾಲ್ಕು ಸೆಕೆಂಡಿನಷ್ಟು. ನಮ್ಮ ಮಕ್ಕಳು ಅಬ್ಯಾಕಸ್ ತರಗತಿಯಿಂದ ನೇರವಾಗಿ ಬಂದು ಇದನ್ನು ಬರೆದು ಎದ್ದುಹೋದಾರು. ಈಗ ಕ್ವಾರ್ಟರ್‌ಬ್ಯಾಕ್‌ನ ಒಂದು ಎಸೆತವನ್ನು ನೋಡೋಣ. ಹಿಂದಿನ ಆಟ ಮುಗಿದಾಗಿನಿಂದ 40 ಸೆಕೆಂಡುಗಳ ಗಡಿಯಾರ ಓಡುತ್ತಿರುತ್ತದೆ. ಹೆಲ್ಮೆಟ್‌ನೊಳಗಿನ ರೇಡಿಯೋದಲ್ಲಿ ತರಬೇತುದಾರನ ದನಿ ಕೇಳುತ್ತಿದ್ದು, ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ಸಂಪರ್ಕ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಅವನು ಒಬ್ಬನೇ. ಎದುರಿಗೆ ರಕ್ಷಣೆಯ ಹಿಂಬದಿಯಲ್ಲಿ ಇಬ್ಬರು ಸೇಫ್ಟಿಗಳು ಆಳದಲ್ಲಿ, ಅಕ್ಕಪಕ್ಕದಲ್ಲಿ ನಿಂತಿದ್ದಾರೆ, ಆದ್ದರಿಂದ ಮೈದಾನದ ನಡುವಿನ ಆಳ ತೆರೆದಿದೆ. ಅಲ್ಲಿಗೇ ಎಸೆಯಬೇಕೆಂದು ಅವನು ಅಂದುಕೊಂಡಿದ್ದಾನೆ. ಚೆಂಡು ಕೈಗೆ ಬಂದ ಕ್ಷಣದಲ್ಲಿ ಒಬ್ಬ ಸೇಫ್ಟಿ ಮುಂದಕ್ಕೆ ನುಗ್ಗುತ್ತಾನೆ, ಇನ್ನೊಬ್ಬ ನಡುವಿಗೆ ಸರಿಯುತ್ತಾನೆ, ತೆರೆದಿದ್ದ ಜಾಗ ಮುಚ್ಚಿಹೋಗುತ್ತದೆ. ಇದನ್ನು ಹಿಂದಕ್ಕೆ ಹೆಜ್ಜೆ ಹಾಕುತ್ತಲೇ ಗುರುತಿಸಿ, ಈ ಬದಲಾವಣೆಯಿಂದ ಬೇರೆಲ್ಲಿ ಬಾಗಿಲು ತೆರೆಯಿತೆಂದು ಕಂಡುಕೊಂಡು, ಇನ್ನೂ ಅಲ್ಲಿಗೆ ತಲುಪಿರದ ಜೊತೆಗಾರನ ಮುಂದಕ್ಕೆ ಚೆಂಡು ಬಿಡಬೇಕು. ಅಷ್ಟರಲ್ಲಿ ನೂರಿಪ್ಪತ್ತು ಕಿಲೋ ತೂಕದವರು ಅವನ ಪಕ್ಕೆಗೆ ಬಂದಿರುತ್ತಾರೆ. ಎಲ್ಲ ಸೇರಿ ಎರಡೂವರೆಯಿಂದ ಮೂರು ಸೆಕೆಂಡು. ಸಾವಿರಾರು ಬಾರಿ ನೋಡಿ, ಆಡಿ, ಪೆಟ್ಟು ತಿಂದು ಕಲಿತ ಈ ಗುರುತಿಸುವಿಕೆಯನ್ನು ಬುದ್ಧಿ ಎನ್ನದೆ ಬೇರೇನೆನ್ನೋಣ? ಕಾಗದ, ಪೆನ್ಸಿಲ್ ಮತ್ತು ಸೆಂಟಿನ ಲೆಕ್ಕಕ್ಕೆ ಅದು ಸಿಗುವುದಿಲ್ಲ, ಅಷ್ಟೆ.

ಸ್ಥಾನದಿಂದ ಸ್ಥಾನಕ್ಕೆ ಸರಾಸರಿ ಅಂಕಗಳು ಬದಲಾಗುವುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದು ನಮ್ಮ ಕಲ್ಪನೆಗಳನ್ನು ಸ್ವಲ್ಪ ಅಲುಗಿಸುತ್ತದೆ. 1980ರ ದಶಕದಲ್ಲಿ ಪ್ರಕಟವಾದ ಒಂದು ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದವರು ದಢೂತಿ ಮೈಯ ಆಫೆನ್ಸಿವ್ ಟ್ಯಾಕಲ್‌ಗಳು, ಸರಾಸರಿ 26. ನಂತರ ಸೆಂಟರ್‌ಗಳು 25, ಕ್ವಾರ್ಟರ್‌ಬ್ಯಾಕ್‌ಗಳು 24, ಚೆಂಡು ಹಿಡಿದು ಓಡುವ ಹಾಫ್‌ಬ್ಯಾಕ್‌ಗಳು 16. ಟಿ.ವಿ.ಯಲ್ಲಿ ಬರೀ ತಳ್ಳಾಟದಂತೆ ಕಾಣುವ ಸಾಲಿನಲ್ಲಿ ನಿಂತವರ ಸರಾಸರಿ, ಆ ಹೊತ್ತಿನ ಕಚೇರಿ ಗುಮಾಸ್ತರಿಗಿಂತ ಕಡಿಮೆಯೇನೂ ಇರಲಿಲ್ಲ.

ಪರೀಕ್ಷೆಗಳ ಪರವಾಗಿ ಹೇಳಬೇಕಾದದ್ದನ್ನು ಮುಚ್ಚಿಡುವುದು ನ್ಯಾಯವಲ್ಲ. ಸಾಮಾನ್ಯ ಉದ್ಯೋಗಗಳಲ್ಲಿ ಬುದ್ಧಿ ಪರೀಕ್ಷೆಯ ಅಂಕಕ್ಕೂ ಕೆಲಸದ ಗುಣಮಟ್ಟಕ್ಕೂ ಸಂಬಂಧವಿದೆ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಎಂಬ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಆ ಸಂಬಂಧವನ್ನು 0.51 (ಸೊನ್ನೆ ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ಣ ಸಂಬಂಧ) ಎಂದು ಅಂದಾಜು ಮಾಡಿದ್ದರು. ವ್ಯಾಪ್ತಿಯ ಮಿತಿಗಾಗಿ ಮಾಡುವ ತಿದ್ದುಪಡಿಗಳು ಅತಿಯಾಗಿದ್ದವೆಂದು ವಾದಿಸಿ 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಅದನ್ನು 0.31ಕ್ಕೆ ಇಳಿಸಿದರು. ಇಳಿಸಿದ ಮೇಲೂ ಅದು ಸೊನ್ನೆಯಲ್ಲ. ಹೀಗಿರುವಾಗ ಬುದ್ಧಿ ಪರೀಕ್ಷೆ ಎಂದರೆ ಎಲ್ಲೆಡೆ ಮೋಸ ಎನ್ನುವವರ ಜೊತೆ ನಾನು ನಿಲ್ಲಲಾರೆ. ಪರೀಕ್ಷೆಯನ್ನು ಒರೆಹಚ್ಚಿ ನೋಡಿದ್ದು ಯಾವ ಕೆಲಸಕ್ಕೆ, ಈಗ ಬಳಸುತ್ತಿರುವುದು ಯಾವ ಕೆಲಸಕ್ಕೆ ಎಂಬುದಷ್ಟೇ ನನ್ನ ತಕರಾರು.

ಈ ತಕರಾರನ್ನು ನನಗಿಂತ ಬಹಳ ಮೊದಲು ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿತ್ತು, ಅದೂ ಇದೇ ವಂಡರ್ಲಿಕ್ ಪರೀಕ್ಷೆಯ ಬಗ್ಗೆ. ಉತ್ತರ ಕೆರೊಲೈನದ ಡ್ಯೂಕ್ ಪವರ್ ಕಂಪನಿಯ ಡ್ಯಾನ್ ರಿವರ್ ವಿದ್ಯುತ್ ಸ್ಥಾವರದಲ್ಲಿ ಕಪ್ಪು ಜನಾಂಗದವರಿಗೆ ಕೂಲಿ ವಿಭಾಗ ಬಿಟ್ಟು ಬೇರೆಲ್ಲೂ ಪ್ರವೇಶವಿರಲಿಲ್ಲ. ಆ ವಿಭಾಗದ ಅತಿ ಹೆಚ್ಚಿನ ಸಂಬಳ ಬೇರೆ ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತಲೂ ಕೆಳಗಿತ್ತು. ಉದ್ಯೋಗದಲ್ಲಿ ಜನಾಂಗಭೇದವನ್ನು ನಿಷೇಧಿಸುವ ಕಾನೂನು ಜಾರಿಗೆ ಬಂದ 1965ರ ಜುಲೈ 2ರಂದೇ ಕಂಪನಿ, ಒಳ್ಳೆಯ ವಿಭಾಗಗಳಿಗೆ ಹೊಸದಾಗಿ ಸೇರುವವರು ವಂಡರ್ಲಿಕ್ ಮತ್ತು ಇನ್ನೊಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ನಿಯಮ ತಂದಿತು. 1971ರಲ್ಲಿ, ಅಲ್ಲಿನ ಕಪ್ಪು ನೌಕರರು ಹೂಡಿದ್ದ ಗ್ರಿಗ್ಸ್ ಪ್ರಕರಣದಲ್ಲಿ ಕೋರ್ಟು ಒಮ್ಮತದಿಂದ ತೀರ್ಪಿತ್ತು: ಪರೀಕ್ಷೆ ನಡೆಸುವುದು ತಪ್ಪಲ್ಲ, ಆದರೆ ಒಂದು ಗುಂಪನ್ನು ಹೊರಗಿಡುವ ಪರಿಣಾಮ ಉಂಟುಮಾಡುವ ಪರೀಕ್ಷೆ ಆ ಕೆಲಸಕ್ಕೆ ಸಂಬಂಧಿಸಿದ್ದೆಂದು ತೋರಿಸುವ ಹೊಣೆ ಮಾಲೀಕನದು. (ಅತಿಯಾದ ಅಂಕವೂ ಮುಳುವಾದದ್ದಿದೆ. ಕನೆಕ್ಟಿಕಟ್‌ನ ನ್ಯೂ ಲಂಡನ್ ನಗರದಲ್ಲಿ 33 ಅಂಕ ತೆಗೆದ ಒಬ್ಬ ಅಭ್ಯರ್ಥಿಯನ್ನು, ಇಷ್ಟು ಜಾಣನಾದವನು ಪೊಲೀಸ್ ಕೆಲಸದಲ್ಲಿ ಬೇಸತ್ತು ಬಿಟ್ಟುಹೋದಾನೆಂದು ಸಂದರ್ಶನಕ್ಕೇ ಕರೆಯಲಿಲ್ಲ. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.)

ಜನಾಂಗದ ವಿಷಯವನ್ನು ಎತ್ತದೆ ಈ ಚರ್ಚೆ ಪೂರ್ತಿಯಾಗುವುದಿಲ್ಲ. ನಮ್ಮ ಗುಂಪುಗಳಲ್ಲಿ ಯಾರ ಅಂಕ ನಗೆಗೀಡಾಗುತ್ತದೆ ಎಂಬುದನ್ನು ಒಮ್ಮೆ ಹಿಂದಿರುಗಿ ನೋಡಿ: ವಿನ್ಸ್ ಯಂಗ್, ಕ್ಲೇಬೋರ್ನ್, ಗೋರ್, ಜ್ಯಾಕ್ಸನ್, ಸ್ಟ್ರೌಡ್. ಲಮಾರ್ ಜ್ಯಾಕ್ಸನ್ ಅವರ ಅಂಕ 13 ಎಂದು ವರದಿಯಾಗಿತ್ತು. ಕ್ವಾರ್ಟರ್‌ಬ್ಯಾಕ್ ಬಿಟ್ಟು ಚೆಂಡು ಹಿಡಿಯುವ ಸ್ಥಾನಕ್ಕೆ ಹೋಗುವುದು ಲೇಸೆಂಬ ಸಲಹೆ ಅವರಿಗೆ ಸಿಕ್ಕಿತ್ತು. 2018ರಲ್ಲಿ 32ನೆಯವರಾಗಿ ಆಯ್ಕೆಯಾದ ಅವರು 2019ರಲ್ಲಿ ಎಲ್ಲರ ಮತ ಪಡೆದು, 2023ರಲ್ಲಿ ಮತ್ತೊಮ್ಮೆ, ಲೀಗಿನ ಅತ್ಯಮೂಲ್ಯ ಆಟಗಾರರಾದರು. ಕಪ್ಪು ಆಟಗಾರರಿಗೆ ಓಡಲು ಬರುತ್ತದೆ, ಯೋಚಿಸಲು ಬರುವುದಿಲ್ಲ ಎಂಬ ಹಳೆಯ ಪೂರ್ವಗ್ರಹಕ್ಕೆ ಈ ಅಂಕಗಳು ವಿಜ್ಞಾನದ ಮುದ್ರೆ ಒತ್ತುತ್ತವೆ. ಇದು ಬರೀ ಹರಟೆಗೆ ನಿಲ್ಲುವ ಮಾತೂ ಅಲ್ಲ. ತಲೆಗೆ ಪೆಟ್ಟು ಬಿದ್ದು ಮರೆವಿನ ರೋಗಕ್ಕೆ ತುತ್ತಾದ ನಿವೃತ್ತ ಆಟಗಾರರಿಗೆ ಪರಿಹಾರ ಕೊಡುವ ಒಪ್ಪಂದದಲ್ಲಿ, ಕಪ್ಪು ಆಟಗಾರರ ಬುದ್ಧಿಶಕ್ತಿ ಮೊದಲಿನಿಂದಲೇ ಕಡಿಮೆಯಿತ್ತೆಂದು ಊಹಿಸಿ ಲೆಕ್ಕ ಹಾಕುವ ಪದ್ಧತಿ ಬಳಕೆಯಲ್ಲಿತ್ತು. ಅದರಿಂದಾಗಿ ಅಷ್ಟೇ ಅಂಕ ಪಡೆದ ಬಿಳಿಯ ಆಟಗಾರನಿಗೆ ಪರಿಹಾರ ಸಿಗುವಲ್ಲಿ ಕಪ್ಪು ಆಟಗಾರನಿಗೆ ಸಿಗದಿರಬಹುದಿತ್ತು. 2020ರಲ್ಲಿ ಕೆವಿನ್ ಹೆನ್ರಿ ಮತ್ತು ನಾಜೆ ಡಾವೆನ್‌ಪೋರ್ಟ್ ಎಂಬ ಇಬ್ಬರು ಮಾಜಿ ಆಟಗಾರರು ಕೋರ್ಟಿಗೆ ಹೋದ ಮೇಲೆ, 2021ರಲ್ಲಿ ಲೀಗ್ ಅದನ್ನು ನಿಲ್ಲಿಸುವುದಾಗಿ ಒಪ್ಪಿಕೊಂಡಿತು.

ಹೊಸ ಪರೀಕ್ಷೆಗಳನ್ನು ವಂಡರ್ಲಿಕ್‌ನ ಸಾಲಿಗೆ ಸೇರಿಸಿ ತಳ್ಳಿಹಾಕುವಂತಿಲ್ಲ ಎಂದೂ ಹೇಳಬೇಕು. ಎಸ್2 ಪದಗಳ ಅರ್ಥವನ್ನೋ ಸರಣಿಯನ್ನೋ ಕೇಳುವುದಿಲ್ಲ. ಪರದೆಯ ಮೇಲೆ ಏಕಕಾಲಕ್ಕೆ ಚಲಿಸುವ ಹಲವು ವಸ್ತುಗಳ ಮೇಲೆ ಕಣ್ಣಿಡುವುದು, ತಪ್ಪು ಪ್ರತಿಕ್ರಿಯೆಯನ್ನು ತಡೆಹಿಡಿಯುವುದು ಮುಂತಾದವನ್ನು ಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತದೆ. ನಾವು ಊರಿನಲ್ಲಿ ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿಯೂ ಇಂಥ ಪ್ರಯತ್ನ ನಡೆದಿದೆ. 2012ರಲ್ಲಿ ಸ್ವೀಡನ್‌ನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು, ಮೇಲಿನ ಡಿವಿಜನ್‌ನ ಆಟಗಾರರು ಯೋಜನೆ ಮತ್ತು ನಿಯಂತ್ರಣದ ಕೌಶಲಗಳನ್ನು ಅಳೆಯುವ ಪರೀಕ್ಷೆಯಲ್ಲಿ ಕೆಳಗಿನ ಡಿವಿಜನ್‌ನವರಿಗಿಂತ ಮುಂದಿದ್ದಾರೆಂದೂ, ಅಂಕಗಳಿಗೂ ಮುಂದಿನ ಋತುಗಳ ಗೋಲು ಮತ್ತು ಗೋಲಿಗೆ ನೆರವಾದ ಪಾಸುಗಳಿಗೂ ಸಂಬಂಧವಿದೆಯೆಂದೂ ವರದಿ ಮಾಡಿದರು. ಗುಂಪು ಚಿಕ್ಕದು, ಆದರೆ ದಾರಿ ಸರಿಯಾದದ್ದು: ಆಟ ಕೇಳುವುದನ್ನು ಪರೀಕ್ಷೆಯೂ ಕೇಳಲಿ. ಆ ದಾರಿಯಲ್ಲಿ ಹೋದರೂ ಒಬ್ಬ ವ್ಯಕ್ತಿಯ ಬಗ್ಗೆ ಒಂದು ಸಂಖ್ಯೆಯಿಂದ ಭವಿಷ್ಯ ನುಡಿಯುವ ಮಟ್ಟಕ್ಕೆ ಯಾರೂ ತಲುಪಿಲ್ಲ ಎಂಬುದಕ್ಕೆ 2023ರ ಏಪ್ರಿಲ್ ಸಾಕ್ಷಿ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಡ್ರಾಫ್ಟ್‌ಗೆ ಮೊದಲು ಯಾರದಾದರೂ ಅಂಕ ನಿಮ್ಮ ಫೋನಿಗೆ ಬಂದರೆ ಅದನ್ನು ಮುಂದಕ್ಕೆ ಕಳುಹಿಸಬೇಡಿ. ಗೋಪ್ಯವಾಗಿ ಇರಬೇಕಾದ, ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗನೊಬ್ಬನ ಪರೀಕ್ಷೆಯ ಫಲಿತಾಂಶ ಅದು. ನಮ್ಮ ಮಕ್ಕಳ ಎಸ್‌ಎಟಿ (ಕಾಲೇಜು ಪ್ರವೇಶ ಪರೀಕ್ಷೆ) ಅಂಕ ಹೀಗೆ ಊರೂರು ಸುತ್ತಿದರೆ ನಾವು ವಕೀಲರನ್ನು ಹುಡುಕುತ್ತಿದ್ದೆವು. ನಮ್ಮಲ್ಲಿ ದತ್ತಾಂಶ ವಿಶ್ಲೇಷಣೆಯ ಕೆಲಸದಲ್ಲಿರುವವರು ಬಹಳ ಮಂದಿ ಇದ್ದಾರೆ, ಆಟಗಾರರ ಆಯ್ಕೆಗೆ ಸಾಫ್ಟ್‌ವೇರ್ ಬರೆಯುವವರೂ ಇರಬಹುದು. ಅವರು ಪರೀಕ್ಷೆಯ ಅಂಕವನ್ನು ಒಂದು ಅಂಕಣವಾಗಿ ಸೇರಿಸುವ ಮುನ್ನ, ಅದು ಯಾವ ಸ್ಥಾನದ, ಯಾವ ಆಟಗಾರರ ಮೇಲೆ, ಯಾವ ಅಳತೆಗೆ ಎದುರಾಗಿ ಪರಿಶೀಲಿಸಲ್ಪಟ್ಟಿದೆ ಎಂದು ಪರೀಕ್ಷೆ ಮಾರುವ ಕಂಪನಿಯನ್ನು ಬರಹದಲ್ಲಿ ಕೇಳಲಿ, ಉತ್ತರ ಬಾರದಿದ್ದರೆ ಆ ಅಂಕಣವನ್ನು ಖಾಲಿ ಬಿಡಲಿ. ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡುವ ಮಕ್ಕಳಿರುವ ತಂದೆತಾಯಂದಿರು, ಈ ಪರೀಕ್ಷೆಗಳಿಗೆ ತಯಾರಿ ಮಾಡಿಸುತ್ತೇವೆಂದು ಬರುವವರಿಗೆ ಹಣ ಕೊಡುವ ಬದಲು, ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಂದ್ಯದ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಲಿ, ಆ ಸೇಫ್ಟಿ ಈಗೆಲ್ಲಿಗೆ ಹೋಗುತ್ತಾನೆಂದು ಕೇಳಲಿ.

ಇತಿ ವಂದನೆಗಳೊಂದಿಗೆ,
ತಮ್ಮಂತೆಯೇ ಭಾನುವಾರದ ಪಂದ್ಯಗಳನ್ನು ತಪ್ಪದೆ ನೋಡುವ ಒಬ್ಬ ಕನ್ನಡಿಗ